ಸವೆಯದ ಉಗುರು

ಪದರದರ್ಶಕದ ಗಾಜಿನ ಬಟ್ಟಲಿನಲ್ಲಿ ಒಂದು ಹನಿ ಉಪ್ಪುನೀರು, ಆ ನೀರಿನಲ್ಲಿ ಸಾಸಿವೆಕಾಳಿನಷ್ಟು ಗಾತ್ರದ ಒಂದು ಜೀವಿ. ಯಂತ್ರ ಹನ್ನೊಂದು ನಿಮಿಷ ಗುಂಯ್‌ಗುಟ್ಟಿ ಸುಮ್ಮನಾಯಿತು. ಮರುಕ್ಷಣ ಪಕ್ಕದ ಬಿಂಬಕೋಣೆಯ ನಡುವೆ, ನೆಲದಿಂದ ಒಂದಡಿ ಮೇಲೆ, ಅದೇ ಜೀವಿ ಎಮ್ಮೆಯ ಗಾತ್ರ ತಾಳಿ ಬೆಳಕಿನಲ್ಲಿ ಎದ್ದು ನಿಂತಿತು.

ಡಾ. ಮಂದಾಕಿನಿ ಶಾನಭಾಗ ಚಪ್ಪಲಿ ಕಳಚಿಟ್ಟು ಒಳಗೆ ಹೋದರು. ಚಪ್ಪಲಿ ಬಿಡಬೇಕೆಂಬ ನಿಯಮವೇನೂ ಇರಲಿಲ್ಲ. ಆರು ವರ್ಷಗಳ ಹಿಂದೆ ಈ ಯಂತ್ರ ಬಂದ ಮೊದಲ ದಿನ ಯಾಕೋ ಹಾಗೆ ಮಾಡಿದ್ದರು, ಅದೇ ರೂಢಿಯಾಗಿತ್ತು.

ಕರಾವಳಿಯ ಆ ಚಿಕ್ಕ ಸಾಗರಜೀವಿ ಕೇಂದ್ರದಲ್ಲಿ ಮಂದಾಕಿನಿ ಮೂವತ್ತು ವರ್ಷಗಳಿಂದ ಒಂದೇ ಬಗೆಯ ಪ್ರಾಣಿಯ ಬೆನ್ನು ಹತ್ತಿದ್ದರು. ವಿಜ್ಞಾನದಲ್ಲಿ ಅದರ ಹೆಸರು ಆಸ್ಟ್ರಕೋಡ್. ಶಾಲೆಯ ಮಕ್ಕಳು ಕೇಂದ್ರ ನೋಡಲು ಬಂದಾಗ ಅವರು ಅದನ್ನು ಕಾಳುಸೀಗಡಿ ಎನ್ನುತ್ತಿದ್ದರು. ಸೀಗಡಿ, ಏಡಿಗಳ ದೂರದ ನೆಂಟ. ಆದರೆ ಚಿಪ್ಪಿಯ ಹಾಗೆ ಎರಡು ಕವಚಗಳ ನಡುವೆ ಮುದುಡಿಕೊಂಡು ಬದುಕುವ ಪ್ರಾಣಿ. ಕವಚ ಮುಚ್ಚಿಕೊಂಡರೆ ಕಾಳು, ತೆರೆದರೆ ಏಳು ಜೊತೆ ಅವಯವಗಳ ಪೂರ್ಣ ಸಂಸಾರ.

ಹಿಂದೆ ಈ ಸಂಸಾರವನ್ನು ನೋಡುವುದು ಸುಲಭವಿರಲಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಕೂದಲೆಳೆಯಂಥ ಎರಡು ಸೂಜಿಗಳಿಂದ ಕವಚ ಬಿಡಿಸಿ, ಒಂದೊಂದೇ ಕಾಲನ್ನು ಎಳೆದು ಗಾಜಿನ ಪಟ್ಟಿಯ ಮೇಲೆ ಕೂರಿಸಬೇಕಿತ್ತು. ಒಂದು ಸೀನು ಬಂದರೆ ವಾರದ ಕೆಲಸ ಹೋಯಿತು. ಪದರದರ್ಶಕ ಪ್ರಾಣಿಯನ್ನು ಮುಟ್ಟುವುದೇ ಇಲ್ಲ. ಮೆತ್ತನೆಯ ಕಿರಣಗಳನ್ನು ಅದರ ಮೈಯೊಳಗೆ ಹಾಯಿಸಿ, ಹತ್ತು ಸಾವಿರ ಪದರಗಳ ಚಿತ್ರ ತೆಗೆದು, ಒಂದರ ಮೇಲೊಂದು ಪೇರಿಸಿ ಬಿಂಬ ಕಟ್ಟುತ್ತದೆ. ಬೆರಳಿನಿಂದ ಗಾಳಿಯಲ್ಲಿ ಎಳೆದರೆ ಬೇಕಾದ ಕಾಲು ಬಿಡಿಯಾಗಿ ಹೊರಗೆ ಬರುತ್ತದೆ. ಅಷ್ಟೇ ಅಲ್ಲ, ಜಗತ್ತಿನಲ್ಲಿ ಈವರೆಗೆ ವರ್ಣಿಸಲಾದ ಎಲ್ಲ ಕಾಳುಸೀಗಡಿಗಳೊಂದಿಗೆ ಹೋಲಿಸಿ ಅಂಗರಚನೆಯ ವರ್ಣನೆಯನ್ನೂ ತಾನೇ ಬರೆಯುತ್ತದೆ.

ಅಂದು ಅದು ಬರೆದದ್ದು ಹೀಗಿತ್ತು: 'ಕವಚದ ಉದ್ದ ಒಂದೂವರೆ ಮಿಲಿಮೀಟರ್. ಮುಂಭಾಗದಲ್ಲಿ ಕೊಕ್ಕು, ಅದರ ಕೆಳಗೆ ಆಳವಾದ ಕಚ್ಚು. ಎರಡನೆಯ ಮೀಸೆಯ ಈಜುಶಾಖೆಯಲ್ಲಿ ಒಂಬತ್ತು ಗೆಣ್ಣು. ಏಳನೆಯ ಅವಯವ ಹುಳುವಿನಾಕಾರ, ತುದಿಯಲ್ಲಿ ಗಂಟೆಯಂಥ ರೋಮಗಳು. ಬಾಲಫಲಕದಲ್ಲಿ ಎಂಟು ಜೊತೆ ಉಗುರು, ಮರಳು ಕೆದಕಲು. ಹೊಸ ಪ್ರಭೇದ.' ಅದರ ಕೆಳಗೆ ಕೆಂಪಕ್ಷರದಲ್ಲಿ ಮತ್ತೊಂದು ಸಾಲು: 'ಬೇರೆಡೆ ದಾಖಲೆಯಿಲ್ಲ. ಏಕನೆಲೆ ಕಾಯ್ದೆ ಅನ್ವಯಿಸುತ್ತದೆ. ಮಾಹಿತಿ ಮಂಡಳಿಗೆ ತಲುಪಿದೆ.'

ಮೊದಲ ಭಾಗ ಓದುವಾಗ ಮಂದಾಕಿನಿಯವರ ಮುಖ ಅರಳಿತ್ತು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅವರು ಗೋಡೆಗೆ ಒರಗಿ ನಿಂತಿದ್ದರು. ಮರಳಿನ ಮಾದರಿ ಬಂದದ್ದು ಹೊಳೆ ಕಡಲು ಸೇರುವಲ್ಲಿನ ಸಣ್ಣಕುರ್ವೆ ದಿಬ್ಬದಿಂದ. ಅಲ್ಲಿ ನೀರು ಇಳಿದಾಗಲೆಲ್ಲ ಇನ್ನೂರು ಮನೆಗಳ ಹೆಂಗಸರು ಮೊಣಕಾಲುದ್ದದ ನೀರಿನಲ್ಲಿ ಬಗ್ಗಿ ಬಳಚು ಕೆದಕುತ್ತಾರೆ. ಬಳಚೆಂದರೆ ಮರಳಿನೊಳಗೆ ಹುದುಗಿರುವ, ತಿನ್ನುವ ಚಿಪ್ಪುಜೀವಿ. ಆ ಮನೆಗಳ ಒಲೆ ಉರಿಯುವುದೇ ಅದರಿಂದ.

ಏಕನೆಲೆ ಕಾಯ್ದೆ ಕೆಟ್ಟದ್ದೇನಲ್ಲ. ಒಂದೇ ಜಾಗದಲ್ಲಿ ಬದುಕುವ ಪ್ರಾಣಿಯನ್ನು ಹೆಸರಿಡುವ ಮೊದಲೇ ಕಳೆದುಕೊಂಡ ಕಹಿ ಅನುಭವಗಳ ಮೇಲೆ ಕಟ್ಟಿದ ಕಾಯ್ದೆ ಅದು. ಅಂಥ ಪ್ರಾಣಿ ಸಿಕ್ಕಿದ ಜಾಗವನ್ನು ಹತ್ತು ವರ್ಷ ಮನುಷ್ಯರಿಗೆ ಮುಚ್ಚಬೇಕು. ಕಾಯ್ದೆ ಬರಲೆಂದು ಸಹಿ ಹಾಕಿದ ವಿಜ್ಞಾನಿಗಳಲ್ಲಿ ಮಂದಾಕಿನಿಯೂ ಒಬ್ಬರಾಗಿದ್ದರು. ಆ ದಿನ ಅವರ ಕಣ್ಣ ಮುಂದೆ ಇದ್ದದ್ದು ಕಾರ್ಖಾನೆ, ಬಂದರು, ಮರಳು ತೆಗೆಯುವ ಯಂತ್ರಗಳು. ಸೆರಗು ಬಿಗಿದು ನೀರಿಗಿಳಿಯುವ ಹೆಂಗಸರು ಯಾರ ನೆನಪಿಗೂ ಬಂದಿರಲಿಲ್ಲ.

ಮೂರನೆಯ ದಿನ ಜೀವನೆಲೆ ಮಂಡಳಿಯ ಅಧಿಕಾರಿ ಪ್ರಭುಲಿಂಗ ಹಂಜಿ ಬಂದರು. ಬೆಳಗಾವಿ ಕಡೆಯವರು, ಮಾತು ಮೃದು, ಕೈಯಲ್ಲಿ ದಪ್ಪ ಕಡತ.

"ಮೇಡಂ, ಯಂತ್ರ ಬರದದ್ದನ್ನ ಮನುಷ್ಯರೊಬ್ರು ಪರೀಕ್ಷಾ ಮಾಡಿ ಸಹಿ ಹಾಕಬೇಕು. ಇಪ್ಪತ್ತೊಂದು ದಿನ ಟೈಮ್ ಐತ್ರಿ. ನೀವು ಸಹಿ ಹಾಕಿದ ಮರುದಿನ ಬೇಲಿ."

"ಹಾಕದಿದ್ದರೆ?"

"ಬ್ಯಾರೆ ಊರಿನ ತಜ್ಞರು ಹಾಕ್ತಾರ್ರಿ. ಪ್ರಾಣಿ ಹೊಸದು ಅನ್ನೋದು ಖರೇ ಇದ್ರ, ಯಾರು ಹಾಕಿದ್ರೂ ಅಷ್ಟೇ ಅಲ್ಲೇನ್ರಿ?"

ಅದು ನಿಜವಾಗಿತ್ತು. ಪ್ರಾಣಿ ಹೊಸದೇ. ಮಂದಾಕಿನಿ ಎರಡು ದಿನ ಬಿಂಬದ ಸುತ್ತ ತಿರುಗಿ, ಯಂತ್ರ ಎಲ್ಲಾದರೂ ತಪ್ಪಿದೆಯೇ ಎಂದು ಗೆಣ್ಣು ಗೆಣ್ಣು ಎಣಿಸಿದರು. ತಪ್ಪಿರಲಿಲ್ಲ. ಎಣಿಸುವಾಗ ತಪ್ಪು ಸಿಗಲೆಂದು ತಾವು ಹಾರೈಸುತ್ತಿರುವುದು ಅರಿವಾಗಿ ಅವರಿಗೆ ನಾಚಿಕೆಯಾಯಿತು. ಬದುಕಿನಲ್ಲಿ ಒಮ್ಮೆ ಸಿಗುವಂಥ ಪ್ರಾಣಿ ಎದುರಿಗಿದೆ, ನಾನು ಅದು ಇಲ್ಲದಿರಲಿ ಎಂದು ಬಯಸುತ್ತಿದ್ದೇನಲ್ಲ!

ಐದನೆಯ ದಿನ ಕೇಂದ್ರದ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತರು. ಅರವತ್ತರ ಆಸುಪಾಸು, ಗಟ್ಟಿ ಮೈಕಟ್ಟು, ಸೀರೆಯ ಅಂಚು ಇನ್ನೂ ಒದ್ದೆ. ಸಣ್ಣಕುರ್ವೆಯ ಬೀರಮ್ಮ ಅಂಬಿಗ. ಹೊಳೆ ಮುಚ್ಚುತ್ತಾರೆಂಬ ಸುದ್ದಿ ಕೇಳಿ ಬಳಚು ತೆಗೆಯುವ ಹೆಂಗಸರೆಲ್ಲ ಸೇರಿ ಅವರನ್ನು ಕಳಿಸಿದ್ದರು.

"ಡಾಕ್ಟರಮ್ಮಾ, ನಾನು ಜಗಳಕ್ಕೆ ಬಂದದ್ದಲ್ಲ," ಎಂದರು ಬೀರಮ್ಮ. "ನಮ್ಮನ್ನ ಹೊಳೆಯಿಂದ ಓಡಿಸೂ ಹುಳ ಯಾವುದು ಹೇಳಿ ನೋಡಿ ಹೋಗ್ವ ಅಂತ ಬಂದೆ. ನಲವತ್ತೈದು ವರ್ಷ ಅದೇ ಮರಳು ಕೆದಕಿದೇನೆ. ಒಂದು ಸಲವೂ ಕಣ್ಣಿಗೆ ಬೀಳಲಿಲ್ಲವಲ್ಲ, ಎಂತ ಹುಳ ಅದು?"

ಮಂದಾಕಿನಿ ಬಾಗಿಲನ್ನು ಪೂರ್ತಿ ತೆರೆದರು. "ಬನ್ನಿ ಬೀರಮ್ಮ, ತೋರಿಸುತ್ತೇನೆ," ಎಂದು ಬಿಂಬಕೋಣೆಗೆ ಕರೆದುಕೊಂಡು ಹೋದರು.

ಬೆಳಕು ಎದ್ದು ನಿಂತಾಗ ಬೀರಮ್ಮ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಸುತ್ತ ಒಂದು ಸುತ್ತು ಬಂದರು. "ಅಬ್ಬಾ! ಇಷ್ಟೆಲ್ಲ ಉಂಟಾ ಒಂದು ಕಾಳಿನೊಳಗೆ?"

"ಇವು ಮೀಸೆಗಳು. ಈ ಕಚ್ಚಿನಿಂದ ಹೊರಗೆ ಚಾಚಿ ದೋಣಿಯ ಹುಟ್ಟು ಹಾಕಿದ ಹಾಗೆ ನೀರನ್ನು ತಳ್ಳುತ್ತದೆ. ಇದು ಹೃದಯ. ಇಲ್ಲಿ ಬೆನ್ನಿನ ಹಿಂದೆ ನೋಡಿ, ಗೋಲಿಯ ಹಾಗೆ ಕಾಣುವುದು ಮೊಟ್ಟೆಗಳು. ಮರಿಯಾಗುವ ತನಕ ತಾಯಿ ಕವಚದೊಳಗೇ ಇಟ್ಟುಕೊಳ್ಳುತ್ತಾಳೆ."

"ಬಸುರಿ ಅಂತ ಆಯ್ತು." ಬೀರಮ್ಮನ ದನಿ ತಗ್ಗಿತು. "ಮತ್ತೆ ಈ ಉದ್ದ ಹಗ್ಗದಂಥದ್ದು?"

"ಏಳನೆಯ ಅವಯವ. ಅದು ಕಾಲಲ್ಲ, ಪೊರಕೆ. ಬೆನ್ನ ಮೇಲಿಂದ ಬಾಗಿ ಮೊಟ್ಟೆಗಳ ಮೇಲಿನ ಕಸ ಗುಡಿಸುತ್ತದೆ."

ಬೀರಮ್ಮ ಮೊದಲ ಬಾರಿಗೆ ನಕ್ಕರು. "ನನ್ನ ಸೊಸೆಗೆ ಒಂದು ಬೇಕಿತ್ತು ಅಂಥದ್ದು." ನಗುತ್ತಲೇ ಹಿಂಭಾಗಕ್ಕೆ ಬಂದು ಬಾಲಫಲಕದ ಎದುರು ನಿಂತರು. ಎಂಟು ಜೊತೆ ಉಗುರುಗಳು, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ, ಕುಡುಗೋಲಿನಂತೆ ಬಾಗಿದ್ದವು. "ಇವು ಎಂತಕ್ಕೆ?"

"ಮರಳು ಕೆದಕಲು. ಹಗಲೆಲ್ಲ ಅದು ಮರಳಿನೊಳಗೆ ಅಡಗಿರುತ್ತದೆ. ಇದರ ನೆಂಟರೆಲ್ಲ ಈ ಉಗುರುಗಳನ್ನು ಊರಿ ಒಳಗೆ ನುಗ್ಗುತ್ತವೆ."

ಬೀರಮ್ಮ ಬೆಳಕಿನ ಉಗುರಿನ ಹತ್ತಿರ ಮುಖ ತಂದು ಬಹಳ ಹೊತ್ತು ನೋಡಿದರು. ತುದಿಯಲ್ಲಿ ರೇಷ್ಮೆಯೆಳೆಯಂಥ ಸಣ್ಣ ಕೂದಲುಗಳಿದ್ದವು. ಅವರು ತಲೆಯಾಡಿಸಿದರು.

"ಅಲ್ಲ ಅಮ್ಮಾ, ಇದು ಕೆದಕಲ್ಲ."

"ಅಂದರೆ?"

ಬೀರಮ್ಮ ತಮ್ಮ ಎರಡೂ ಕೈ ಚಾಚಿದರು. ಬೆರಳ ತುದಿಗಳು ಮೊಂಡಾಗಿದ್ದವು, ಉಗುರುಗಳು ಅರ್ಧಕ್ಕೆ ಸವೆದು ಅಂಚು ಗಾಜಿನಂತೆ ನುಣುಪಾಗಿತ್ತು. "ಮರಳು ಕೆದಕುವವರ ಉಗುರು ಹೀಗಿರ್ತದೆ. ಇದರದ್ದು ಮದುಮಗಳ ಉಗುರು. ತುದಿಯ ಕೂದಲು ಸಹ ಮುರಿಯಲಿಲ್ಲ. ಮೊಟ್ಟೆ ಹೊತ್ತ ಪ್ರಾಯದ ಹೆಣ್ಣು, ಹುಟ್ಟಿದಲ್ಲಿಂದ ಮರಳಲ್ಲಿ ಇದ್ದದ್ದಾದ್ರೆ ಇಷ್ಟು ಚಂದ ಉಳಿಯೂದುಂಟಾ?"

ಮಂದಾಕಿನಿ ಉಗುರನ್ನು ಗಾಳಿಯಲ್ಲಿ ಎಳೆದು ಇನ್ನೂ ನೂರು ಪಟ್ಟು ಹಿಗ್ಗಿಸಿದರು. ಬೀರಮ್ಮ ಹೇಳಿದ್ದು ಸರಿಯಾಗಿತ್ತು. ಉಗುರಿನ ಸಿಪ್ಪೆ ತೆಳ್ಳಗಿತ್ತು, ಬುಡದ ಸ್ನಾಯು ಎಳೆಯಷ್ಟೇ ಸಣ್ಣದು, ತುದಿಯಲ್ಲಿ ಒಂದು ಗೀರೂ ಇರಲಿಲ್ಲ. ಅದೇ ಮರಳಿನ ಮಾದರಿಯಲ್ಲಿ ಸಿಕ್ಕಿದ್ದ ಉಳಿದ ಹದಿನಾಲ್ಕು ಪ್ರಾಣಿಗಳ ಬಿಂಬ ಒಂದೊಂದಾಗಿ ತರಿಸಿದರು. ಎಲ್ಲದರಲ್ಲೂ ಅದೇ.

ಇದು ಇಷ್ಟು ದಿನ ಯಾರಿಗೂ ಹೊಳೆಯದಿದ್ದುದಕ್ಕೆ ಕಾರಣವಿತ್ತು. ಸೂಜಿಯ ಕಾಲದಲ್ಲಿ ಉಗುರಿನ ತುದಿ ಮುರಿದಿದ್ದರೆ ಅದು ಸೂಜಿಯಿಂದ ಮುರಿಯಿತೋ ಮರಳಿನಿಂದಲೋ ಹೇಳುವಂತಿರಲಿಲ್ಲ. ಹಾಗಾಗಿ ತುದಿಯ ಬಗ್ಗೆ ಬರೆಯದಿರುವುದೇ ಪದ್ಧತಿಯಾಯಿತು. ಆ ಬರಹಗಳನ್ನೇ ಕಲಿತ ಯಂತ್ರವೂ ಉಗುರನ್ನು ಎಣಿಸಿತು, ಅಳೆಯಿತು, ನೆಂಟರ ಉಗುರು ಕೆದಕುತ್ತದೆಂದು ಇದಕ್ಕೂ ಅದೇ ಕೆಲಸ ಹಚ್ಚಿತು. ಸವೆದಿದೆಯೇ ಎಂದು ಯಾರೂ ಅದನ್ನು ಕೇಳಿರಲಿಲ್ಲ.

"ಹಾಗಾದರೆ ಇದು ಮರಳಿನೊಳಗೆ ಹೇಗೆ ಹೋಗುತ್ತದೆ?" ಮಂದಾಕಿನಿ ತಮ್ಮನ್ನೇ ಕೇಳಿಕೊಂಡಂತೆ ಹೇಳಿದರು.

"ಯಾರಾದ್ರೂ ಕೆದಕಿ ಕೊಟ್ರೆ ಹೋಗ್ತದೆ," ಎಂದರು ಬೀರಮ್ಮ ಸಹಜವಾಗಿ. "ನಾವು ಕೆದಕಿದ ಕುಳಿಯಲ್ಲಿ ಎರಡು ದಿನ ಮರಳು ಅವಲಕ್ಕಿಯ ಹಾಗೆ ಸಡಿಲ ಇರ್ತದೆ."

ಮಂದಾಕಿನಿಯ ಮನಸ್ಸು ಹಿಗ್ಗಿತು. ಆದರೆ ಆ ಸಂತೋಷವನ್ನೇ ಅವರು ನಂಬಲಿಲ್ಲ. ಬೇಕಾದ ಉತ್ತರ ಬೇಕಾದ ಹೊತ್ತಿಗೆ ಸಿಕ್ಕಿದರೆ ಅನುಮಾನಿಸಬೇಕೆಂದು ಮೂವತ್ತು ವರ್ಷ ವಿದ್ಯಾರ್ಥಿಗಳಿಗೆ ಹೇಳಿಕೊಂಡು ಬಂದವರು ಅವರು. "ಬೀರಮ್ಮ, ಇದನ್ನು ಈಗಲೇ ಊರಲ್ಲಿ ಹೇಳಬೇಡಿ. ನೀವು ಹೇಳಿದ್ದು ಸರಿಯೋ ಎಂದು ಪರೀಕ್ಷೆ ಮಾಡಬೇಕು. ತಪ್ಪಾದರೆ ಯಂತ್ರ ಬರೆದದ್ದಕ್ಕೇ ನಾನು ಸಹಿ ಹಾಕಬೇಕಾಗುತ್ತದೆ."

ಬೀರಮ್ಮ ಮಂದಾಕಿನಿಯ ಮುಖವನ್ನೇ ನೋಡಿದರು. "ಹಾಕಿ. ಸುಳ್ಳು ಹೇಳಿ ಹೊಳೆ ಉಳಿಸಿಕೊಂಡ್ರೆ ನಾಳೆ ಆ ಬಸುರಿ ನಾಶವಾಗಿ ಹೋಗ್ತಾಳೆ. ಅದೂ ಬೇಡ."

ಮರುದಿನ ಮಂದಾಕಿನಿ ಹಂಜಿಯವರಿಗೆ ಎಲ್ಲವನ್ನೂ ವಿವರಿಸಿದರು. ಹಂಜಿ ಕಡತ ಮುಚ್ಚಿ ಕನ್ನಡಕ ಒರೆಸಿದರು.

"ಮೇಡಂ, ಸಿಟ್ಟಾಗಬ್ಯಾಡ್ರಿ. ಹೊಳಿ ಮುಚ್ಚಬಾರದು ಅಂತ ನಿಮ್ಮ ಮನಸಿನ್ಯಾಗ ಐತಿ. ಅದಕ್ಕ ಉಗುರು ಹಂಗ ಕಾಣಸ್ತದ ಅಂತ ಮಂಡಳಿಯೊಳಗ ಯಾರರ ಅಂದ್ರ ನಾ ಏನು ಹೇಳ್ಲಿ?"

"ನನಗೂ ಅದೇ ಭಯ, ಹಂಜಿಯವರೇ. ಅದಕ್ಕೇ ನಿಮ್ಮ ಸಹಾಯ ಬೇಕು."

ಸಣ್ಣಕುರ್ವೆ ದಿಬ್ಬದ ಒಂದು ಭಾಗವನ್ನು ಸೇತುವೆಯ ಕೆಲಸಕ್ಕೆಂದು ಏಳು ವರ್ಷಗಳ ಹಿಂದೆ ಬೇಲಿ ಹಾಕಿ ಮುಚ್ಚಿದ್ದರು. ಸೇತುವೆ ಬೇರೆ ಕಡೆ ಆಯಿತು, ಬೇಲಿ ಹಾಗೇ ಉಳಿಯಿತು. ಅದೇ ನೀರು, ಅದೇ ಮರಳು. ಕೆದಕುವವರು ಮಾತ್ರ ಇಲ್ಲ. ಬೇಲಿಯ ಒಳಗಿನಿಂದ ಇಪ್ಪತ್ತು, ಹೊರಗಿನಿಂದ ಇಪ್ಪತ್ತು ಬಾಟಲಿ ಮರಳನ್ನು ಹಂಜಿಯವರೇ ತುಂಬಬೇಕು. ಯಾವುದು ಎಲ್ಲಿಯದೆಂಬ ಗುರುತು ಅವರ ಹತ್ತಿರ ಮಾತ್ರ ಇರಬೇಕು. ಯಾವ ಬಾಟಲಿಯಲ್ಲಿ ಪ್ರಾಣಿ ಇದೆ, ಯಾವುದರಲ್ಲಿ ಇಲ್ಲ ಎಂದು ಮಂದಾಕಿನಿ ಹೇಳಬೇಕು. ಹಂಜಿ ಒಪ್ಪಿದರು. ಪ್ಯಾಂಟು ಮಡಚಿ ನೀರಿಗಿಳಿದ ಅವರು ಎರಡು ಸಲ ಜಾರಿ ಬಿದ್ದು, ಕಡೆಗೆ ಬೀರಮ್ಮನ ಕೈ ಹಿಡಿದುಕೊಂಡೇ ನಲವತ್ತು ಬಾಟಲಿ ತುಂಬಿದರು.

ಪರೀಕ್ಷೆಗೆ ಐದು ದಿನ ಹಿಡಿಯಿತು. ಇನ್ನೊಂದು ಕೆಲಸವನ್ನೂ ಮಂದಾಕಿನಿ ಜೊತೆಗೇ ಮಾಡಿದರು. ಎರಡು ಗಾಜಿನ ತೊಟ್ಟಿಗಳಲ್ಲಿ ಒಂದೇ ಮರಳು ತುಂಬಿ, ಒಂದನ್ನು ಹೊಳೆಯ ತಳದಂತೆ ಒತ್ತಿ ಬಿಗಿಮಾಡಿದರು, ಇನ್ನೊಂದನ್ನು ಕೈಯಿಂದ ಕೆದಕಿ ಬಿಟ್ಟರು. ಜೀವಂತ ಕಾಳುಸೀಗಡಿಗಳನ್ನು ಎರಡರಲ್ಲೂ ಬಿಟ್ಟರು. ಸಡಿಲ ಮರಳಿನಲ್ಲಿ ಅವು ನಿಮಿಷದೊಳಗೆ ಮಾಯವಾದವು. ಬಿಗಿ ಮರಳಿನ ಮೇಲೆ ಬಾಗಿಲು ಸಿಗದ ನೆಂಟರಂತೆ ಅತ್ತಿತ್ತ ಅಲೆದವು. ಉಗುರು ಊರಿ ತಳ್ಳಿದವು, ಜಾರಿದವು, ಮತ್ತೆ ತಳ್ಳಿದವು. ಒಂದು ಪುಟ್ಟ ಮೀನನ್ನು ಬಿಟ್ಟಾಗ ಅದು ಅವನ್ನು ಒಂದೊಂದಾಗಿ ಹೆಕ್ಕತೊಡಗಿತು. ಮಂದಾಕಿನಿ ಗಾಬರಿಯಿಂದ ಮೀನನ್ನು ಎತ್ತಿಹಾಕಿದರು.

ಪರೀಕ್ಷೆ ಮುಗಿದ ಮರುದಿನ ಬೆಳಿಗ್ಗೆ ಹಂಜಿ ಮೇಜಿನ ಎದುರು ಕುಳಿತರು. ಬೀರಮ್ಮ ಬಾಗಿಲ ಹತ್ತಿರದ ಬೆಂಚಿನಲ್ಲಿ ಕುಳಿತಿದ್ದರು, ಒಳಗೆ ಬನ್ನಿರೆಂದರೂ ಬರಲಿಲ್ಲ. ಮಂದಾಕಿನಿ ಒಂದೊಂದೇ ಬಾಟಲಿಯ ಅಂಕಿ ಓದಿ "ಇದೆ", "ಇಲ್ಲ" ಎನ್ನುತ್ತ ಹೋದರು. ಹಂಜಿ ತಮ್ಮ ಚೀಟಿಯ ಮೇಲೆ ಗುರುತು ಹಾಕುತ್ತ ಹೋದರು. ಅವರ ಮುಖದಲ್ಲಿ ಏನೂ ಕಾಣಿಸಲಿಲ್ಲ. ಕೊನೆಯ ಬಾಟಲಿ ಮುಗಿದ ಮೇಲೂ ಅವರು ತಲೆಯೆತ್ತದಿದ್ದಾಗ ಮಂದಾಕಿನಿ ಚೀಟಿಯತ್ತ ಬಾಗಿದರು.

"ಏನಾಯಿತು ಹಂಜಿಯವರೇ?"

"ಬೇಲಿ ಹೊರಗಿನ ಇಪ್ಪತ್ತರಾಗ ಹದಿನೆಂಟಕ್ಕ ನೀವು 'ಇದೆ' ಅಂದ್ರಿ." ಹಂಜಿ ನಿಧಾನವಾಗಿ ಹೇಳಿದರು. "ಒಳಗಿನ ಇಪ್ಪತ್ತಕ್ಕ ಇಪ್ಪತ್ತೂ 'ಇಲ್ಲ' ಅಂದ್ರಿ."

"ಒಳಗಿನವುಗಳಲ್ಲಿ ಖಾಲಿ ಕವಚಗಳಿದ್ದವು," ಎಂದರು ಮಂದಾಕಿನಿ. "ಆಳದ ಪದರದಲ್ಲಿ. ಬೇಲಿ ಬರುವ ಮೊದಲು ಅಲ್ಲೂ ಇದ್ದವು. ಹೆಂಗಸರು ಕೆದಕುವುದು ನಿಂತ ಮೇಲೆ ಸತ್ತುಹೋದವು. ನಾವು ಇಡೀ ದಿಬ್ಬವನ್ನು ಮುಚ್ಚಿದ್ದರೆ..."

ಅವರು ಮಾತು ಮುಗಿಸಲಿಲ್ಲ. ಹಂಜಿ ಚೀಟಿಯನ್ನು ಮೇಜಿನ ಮೇಲಿಟ್ಟು, ಒಂದು ದೀರ್ಘ ಉಸಿರು ಬಿಟ್ಟು, "ಸದ್ಯ, ಉಳದ್ವಿ," ಎಂದರು. ಯಾರು ಉಳಿದದ್ದು ಎಂದು ಹೇಳಲಿಲ್ಲ. ಮಂದಾಕಿನಿ ಎದ್ದು ಬಾಗಿಲ ಬಳಿಗೆ ಹೋದರು. ಅವರ ಮುಖ ನೋಡಿದ್ದೇ ತಡ, ಬೀರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. ಅಷ್ಟೂ ದಿನ ಊರಲ್ಲಿ ಎಲ್ಲರಿಗೂ ಧೈರ್ಯ ಹೇಳಿದವರು ಅವರೇ, ಅವರಿಗೆ ಹೇಳುವವರು ಯಾರೂ ಇರಲಿಲ್ಲ. ಮಂದಾಕಿನಿ ಪಕ್ಕದಲ್ಲಿ ಕುಳಿತು ಸುಮ್ಮನೆ ಅವರ ಬೆನ್ನು ಸವರಿದರು.

ಅತ್ತು ಹಗುರಾದ ಮೇಲೆ ಚಹಾ ಬಂತು. ಚಹಾ ಕುಡಿಯುತ್ತ ಮಂದಾಕಿನಿ ತಮ್ಮನ್ನು ಕಾಡುತ್ತಿದ್ದ ಕೊನೆಯ ಪ್ರಶ್ನೆ ಎತ್ತಿದರು. "ಈ ಪ್ರಾಣಿ ಲಕ್ಷಾಂತರ ವರ್ಷ ಹಳೆಯದು ಬೀರಮ್ಮ. ನಿಮ್ಮ ಊರಿನವರು ಕೆದಕಲು ತೊಡಗಿ ಹೆಚ್ಚೆಂದರೆ ಕೆಲವು ನೂರು ವರ್ಷ. ಅದಕ್ಕೆ ಮೊದಲು ಯಾರು ಕೆದಕಿ ಕೊಡುತ್ತಿದ್ದರು?"

"ತೊರಕೆ," ಎಂದರು ಬೀರಮ್ಮ, ತಡವರಿಸದೆ.

ತೊರಕೆಯೆಂದರೆ ಮೊರದಂತೆ ಅಗಲವಾದ, ಚಾಟಿಯಂಥ ಬಾಲದ ಮೀನು. "ನಾನು ನೋಡಲಿಲ್ಲ. ನನ್ನ ಅಜ್ಜಿ ಹೇಳ್ತಿದ್ಲು. ಅವಳು ಸಣ್ಣವಳಿದ್ದಾಗ ಹೊಳೆಬಾಯಿಗೆ ತೊರಕೆ ಹಿಂಡು ಬರ್ತಿತ್ತಂತೆ, ಬಳಚು ತಿನ್ನೂಕೆ. ರೆಕ್ಕೆ ಬಡಿದು ಮರಳು ಹಾರಿಸಿ ಗೆರಸೆ ಮೊರದಷ್ಟು ಅಗಲ ಕುಳಿ ಮಾಡ್ತಿದ್ವಂತೆ. ಅವು ಕೆದಕಿದಲ್ಲೇ ನಾವೂ ಕೆದಕೂದು ಕಲಿತದ್ದು. ದೊಡ್ಡ ಬಲೆ ಬಂದ ಮೇಲೆ ತೊರಕೆ ಬರೂದು ನಿಂತಿತು."

ಮಂದಾಕಿನಿ ಲೋಟವನ್ನು ಕೆಳಗಿಟ್ಟರು. ತೊರಕೆಗಳು ಹೋದವು, ಅವುಗಳ ಕೆಲಸ ಮಾತ್ರ ನಿಲ್ಲಲಿಲ್ಲ. ಮಾಡುತ್ತಿದ್ದವರಿಗೆ ಗೊತ್ತಿರಲಿಲ್ಲ, ಮಾಡಿಸಿಕೊಳ್ಳುತ್ತಿದ್ದವಕ್ಕೂ ಗೊತ್ತಿರಲಿಲ್ಲ.

ಅವರು ಯಂತ್ರದ ವರ್ಣನೆಯನ್ನು ತಿದ್ದಿ ಬರೆದರು. 'ಮರಳು ಕೆದಕಲು' ಎಂಬ ಮಾತು ತೆಗೆದು, 'ತೆಳುವಾದ, ಸವೆಯದ ಉಗುರುಗಳು. ಇತರರು ಸಡಿಲಿಸಿದ ಮರಳಿನಲ್ಲಿ ನುಸುಳಲು ಮಾತ್ರ ಸಾಕಾಗುವಂಥವು' ಎಂದು ಸೇರಿಸಿದರು. ಈ ಅಂಶವನ್ನು ಮೊದಲು ಗುರುತಿಸಿದವರು ಸಣ್ಣಕುರ್ವೆಯ ಬೀರಮ್ಮ ಅಂಬಿಗ ಎಂದೂ ಬರೆದರು. ಎಲ್ಲ ಹೊಳೆಗಳಿಗೂ ಇದು ಅನ್ವಯಿಸುತ್ತದೆಂದು ಯಾರೂ ತಿಳಿಯಬಾರದು, ಒಂದೊಂದು ಪ್ರಾಣಿಯನ್ನೂ ಬೇರೆಯಾಗಿಯೇ ನೋಡಬೇಕು ಎಂಬ ಎಚ್ಚರಿಕೆಯ ಮಾತನ್ನೂ ಸೇರಿಸಿ, ಹತ್ತೊಂಬತ್ತನೆಯ ದಿನ ಸಹಿ ಹಾಕಿದರು.

ಮಂಡಳಿಯಲ್ಲಿ ಎರಡು ದಿನ ಚರ್ಚೆಯಾಯಿತು. ಮೂರನೆಯ ದಿನ ಹಂಜಿ ಫೋನು ಮಾಡಿದರು. "ಗೆದ್ವಿ ಮೇಡಂ. ಆದ್ರ ಒಂದು ತ್ರಾಸ ಐತ್ರಿ. ನಮ್ಮಲ್ಲಿ ಬಂದ್ ಮಾಡೂ ಆದೇಶದ ನಮೂನಾ ಐತಿ, ಚಾಲೂ ಇಡೂ ಆದೇಶದ ನಮೂನಾ ಇಲ್ಲ. ಇದ್ದ ಕಾಗದದ ಮ್ಯಾಲೇ ಪೆನ್ನಿಂದ ತಿದ್ದಾಕ ಹತ್ತೀನಿ."

ವಾರದ ನಂತರ, ನೀರು ಇಳಿಯುವ ಹೊತ್ತಿಗೆ, ಮಂದಾಕಿನಿ ಸಣ್ಣಕುರ್ವೆಗೆ ಹೋದರು. ದಡದಲ್ಲಿ ಹೊಸ ಹಸಿರು ಫಲಕ ನೆಟ್ಟಿದ್ದರು. ಹಳೆಯ ಬೇಲಿಯನ್ನು ಇಬ್ಬರು ಕೂಲಿಯವರು ಕೀಳುತ್ತಿದ್ದರು, ಹಂಜಿ ಕಡತ ಹಿಡಿದು ಪಕ್ಕದಲ್ಲಿ ನಿಂತಿದ್ದರು. ನೀರಿಗಿಳಿಯಲು ನಿಂತಿದ್ದ ಮೂವತ್ತು ನಲವತ್ತು ಹೆಂಗಸರು ಫಲಕದ ಸುತ್ತ ಸೇರಿದ್ದರು.

"ಓದಿ ಹೇಳಿ ಅಮ್ಮಾ," ಎಂದರು ಬೀರಮ್ಮ. "ಸರ್ಕಾರದ ಕನ್ನಡ ನಮಗೆ ತಿಳಿಯೂದಿಲ್ಲ."

ಮಂದಾಕಿನಿ ಗಟ್ಟಿಯಾಗಿ ಓದಿದರು: "ಈ ದಿಬ್ಬದಲ್ಲಿ ಕೈಯಿಂದ ಬಳಚು ಕೆದಕುವ ಕಾರ್ಯವು ಸಂರಕ್ಷಿತ ಜೀವಿಯ ಉಳಿವಿಗೆ ಅವಶ್ಯಕವಾಗಿರುವುದರಿಂದ, ಸದರಿ ಕಾರ್ಯವನ್ನು ಯಾರೂ ತಡೆಯತಕ್ಕದ್ದಲ್ಲ. ಯಂತ್ರಗಳಿಗೆ ಪ್ರವೇಶವಿಲ್ಲ. ಮಂಡಳಿಯ ಅನುಮತಿಯಿಲ್ಲದೆ ಸದರಿ ಕಾರ್ಯವನ್ನು ಸತತ ಎರಡು ದಿನಗಳಿಗಿಂತ ಹೆಚ್ಚು ಕಾಲ ನಿಲ್ಲಿಸತಕ್ಕದ್ದಲ್ಲ."

ಬೀರಮ್ಮ ಹಂಜಿಯವರ ಕಡೆಗೆ ತಿರುಗಿದರು.

"ಹಾಗಾದ್ರೆ ಸಾಹೇಬ್ರೇ, ನಾಡಿದ್ದಿನಿಂದ ಊರಲ್ಲಿ ಮದುವೆ. ನಾಲ್ಕು ದಿನ ಯಾರೂ ಹೊಳೆಗೆ ಇಳಿಯೂದಿಲ್ಲ. ರಜೆ ಯಾರ ಹತ್ರ ಕೇಳೂದು?"

ಹಂಜಿ ಫಲಕ ನೋಡಿದರು, ಕಡತ ನೋಡಿದರು, ಕಾಯ್ದೆಯ ಪುಟಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವಿದರು. ಇಂಥ ಪ್ರಶ್ನೆ ಬರಬಹುದೆಂದು ಕಾಯ್ದೆ ಬರೆದ ಯಾರಿಗೂ ಅನ್ನಿಸಿರಲಿಲ್ಲ. ಕೊನೆಗೆ ಅವರು ಕಡತವನ್ನು ಮುಚ್ಚಿ ಕಂಕುಳಲ್ಲಿಟ್ಟುಕೊಂಡರು.

"ಎರಡನೇ ದಿನದ ಸಂಜೀಕ ನಾನಽ ಬಂದು ಕೆದಕ್ತೀನ್ರಿ ಅವ್ವ," ಎಂದರು. "ಊಟಕ್ಕ ಮಾತ್ರ ಕರೀರಿ."

ಹೆಂಗಸರು ಘೊಳ್ಳೆಂದು ನಕ್ಕರು. ನಗುತ್ತಲೇ ಸೀರೆ ಮೇಲಕ್ಕೆ ಕಟ್ಟಿ, ಬುಟ್ಟಿಗಳನ್ನು ಎತ್ತಿಕೊಂಡು, ಒಬ್ಬರ ಹಿಂದೊಬ್ಬರು ನೀರಿಗೆ ಇಳಿದರು.